ಬಾಬ್‌ಟೇಲ್ ಸ್ಕ್ವಿಡ್ ಜಾತಿ ಗುರುತಿಸಬೇಕು, ಸಹಾಯ ಬೇಕು

ಸಾಗರ ಜೀವಶಾಸ್ತ್ರ ಓದಿದವರು ಯಾರಾದರೂ ಇದ್ದೀರಾ? ಮಲ್ಪೆಯಲ್ಲಿ ಟ್ರಾಲ್ ಬೋಟಿನ ಕಸ ಮೀನಿನ ಜೊತೆ ಹೆಬ್ಬೆರಳಿನಷ್ಟೇ ಉದ್ದದ ಬೊಂಡಾಸ್ (ಸ್ಕ್ವಿಡ್) ಸಿಕ್ಕಿದೆ, ಹಿಂಭಾಗ ದುಂಡಗೆ, ಎರಡೂ ಪಕ್ಕ ಕಿವಿಯಂಥ ರೆಕ್ಕೆ. ಬಾಬ್‌ಟೇಲ್ ಸ್ಕ್ವಿಡ್‌ಗಳ ಸೆಪಿಯೋಲಿಡೇ ಕುಟುಂಬದ್ದೇ, ಅದರಲ್ಲಿ ಅನುಮಾನ ಇಲ್ಲ. ಯುಪ್ರಿಮ್ನಾ ಕುಲ ಇರಬಹುದು. ಆಮೇಲೆ ತೊಡಕು. ಈ ಕುಲದಲ್ಲಿ ಜಾತಿ ಹೇಳಬೇಕಾದರೆ ಗಂಡಿನ ತೋಳಿನ ಹೀರುಬಟ್ಟಲು ನೋಡಬೇಕು, ಅದರಲ್ಲೂ ಮೇಲಿನ ಎಡ ತೋಳು ಮುಖ್ಯ, ಆದರೆ ನನ್ನ ಹತ್ತಿರ ಇರುವುದು ಹೆಣ್ಣು, ಅದೂ ಫಾರ್ಮಲಿನ್‌ನಲ್ಲಿ ಮುಳುಗಿಸಿಟ್ಟಿದ್ದು, ಡಿಎನ್‌ಎ ತೆಗೆಯುವುದೂ ಕಷ್ಟ ಅಲ್ವಾ. ಜಪಾನಿನ ರ್ಯೂಕ್ಯೂ ದ್ವೀಪಗಳ ಯುಪ್ರಿಮ್ನಾ ಬ್ರೆನ್ನೆರಿ ಎಂಬ ಜಾತಿಗೆ 2019ರಲ್ಲಷ್ಟೇ ಹೆಸರು ಬಂತು, ಅದಕ್ಕೂ ದೇಹರಚನೆ, ಡಿಎನ್‌ಎ ಎರಡೂ ಬೇಕಾದವು. ಹಾಗಾಗಿ ಸುಮ್ನೆ ಯಾವುದೋ ಹಳೇ ಹೆಸರು ಅಂಟಿಸಲು ಮನಸ್ಸಿಲ್ಲ. ಹೆಣ್ಣನ್ನು ನೋಡಿ ಜಾತಿ ಹೇಳುವ ಲಕ್ಷಣ ಗೊತ್ತಿದ್ದರೆ ತಿಳಿಸಿ, ತೋಳಿನ ಫೋಟೋ ಕಳಿಸುತ್ತೇನೆ.