ಖುಷ್ಕಿ ರಾಗಿ ಹೊಲದಲ್ಲಿ ಮರ ಬೆಳೆಸಿದರೆ ಬರಗಾಲಕ್ಕೆ ಆಸರೆಯಾದೀತೇ?

ಪ್ರಶ್ನೆ: ಶಿರಾ ಸೀಮೆಯವನು

ಮಾನ್ಯರೇ, ಶಿರಾ ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ಕೆಂಪು ಮಣ್ಣಿನ ಖುಷ್ಕಿ ಜಮೀನಿದೆ. ಕೊಳವೆಬಾವಿ ಬತ್ತಿ ಆರು ವರ್ಷವಾಯಿತು. 2021ರ ನವೆಂಬರಿನಲ್ಲಿ ಬಿಡದೆ ಸುರಿದ ಮಳೆಗೆ, ಕೊಯ್ದು ಹಾಕಿದ್ದ ರಾಗಿ ತೆನೆಯಲ್ಲೇ ಮೊಳಕೆಯೊಡೆಯಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದ 2023ರಲ್ಲಿ ಕಡಲೆಕಾಯಿಗೆ ಹಾಕಿದ ಬೀಜದ ದುಡ್ಡೂ ಹುಟ್ಟಲಿಲ್ಲ. ಆ ಬೇಸಿಗೆಯಲ್ಲಿ ನಮ್ಮ ಕೈಗೆ ಬಂದ ಹಣವೆಂದರೆ, ತಾತ ಹೊಲದ ಮೂಲೆಯಲ್ಲಿ ನೆಟ್ಟಿದ್ದ ಮೂರು ಹುಣಸೆ ಮರಗಳದ್ದು ಮಾತ್ರ.

ಅದನ್ನು ಕಂಡ ಮೇಲೆ ಹೊಲದಲ್ಲಿ ಮರ ಬೆಳೆಸಬೇಕೆಂಬ ಯೋಚನೆ ಬಂದಿದೆ. ಆದರೆ ನೆರಳಿಗೆ ರಾಗಿ ಜೊಳ್ಳಾಗುತ್ತದೆ ಎಂದು ಊರಿನವರು ಹೇಳುತ್ತಾರೆ. ಇತ್ತ ಸಸಿ ಮಾರುವ ಏಜೆಂಟರೊಬ್ಬರು ಎಕರೆಗೆ ನಾನೂರು ಹೆಬ್ಬೇವು ಹಾಕಿ, ಏಳನೇ ವರ್ಷ ನಾವೇ ಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಯಾವ ಮರವನ್ನು, ಎಲ್ಲಿ, ಎಷ್ಟು ಹಾಕಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಪಾವಗಡದ ಬದು

ಸ್ವಾಮಿ, ಮೊದಲು ಏಜೆಂಟರ ಮಾತಿಗೆ ಬರುತ್ತೇನೆ. ಒಂಬತ್ತು ವರ್ಷದ ಹಿಂದೆ ಇಂಥದ್ದೇ ಮಾತು ನಂಬಿ ಎರಡು ಎಕರೆಗೆ ಹೆಬ್ಬೇವು ತುಂಬಿದವನು ನಾನು. ನೀರಿದ್ದ ಕಡೆ ಅದು ಆರೇಳು ವರ್ಷದಲ್ಲಿ ಪ್ಲೈವುಡ್‌ಗೆ ಬರುವ ಮರವೆಂಬುದು ನಿಜವೇ. ಆದರೆ ನಮ್ಮ ಐನೂರು ಮಿಲಿಮೀಟರ್ ಮಳೆಯಲ್ಲಿ ಅದು ಮೇಲಕ್ಕೆ ಹೋಯಿತೇ ಹೊರತು ದಪ್ಪವಾಗಲಿಲ್ಲ, ಕೊಳ್ಳುತ್ತೇನೆಂದವರ ಫೋನ್ ಮೂರನೇ ವರ್ಷದಿಂದಲೇ ಸ್ವಿಚ್ ಆಫ್. ಇಡೀ ಹೊಲವನ್ನು ಒಂದೇ ಜಾತಿಯ ಮರಕ್ಕೆ ಕೊಡುವುದೂ ಒಂದೇ ಬೆಳೆ ನಂಬಿ ಕೂರುವುದೂ ಒಂದೇ ಬಗೆಯ ಜೂಜು.

ನೆರಳಿನ ವಿಚಾರದಲ್ಲಿ ಊರಿನವರು ಹೇಳುವುದು ಸುಳ್ಳಲ್ಲ. ಹುಣಸೆಯ ಕೆಳಗೆ ಏನೂ ಏಳುವುದಿಲ್ಲ, ಅದಕ್ಕೇ ನಿಮ್ಮ ತಾತ ಅದನ್ನು ಮೂಲೆಗೆ ಹಾಕಿದ್ದು. ಹೊಂಗೆಯ ಬಾಬತ್ತು ಬೇರೆ. ನಮ್ಮಲ್ಲಿ ಪೂರ್ವ-ಪಶ್ಚಿಮವಾಗಿ ಹೋಗುವ ಬದುಗಳ ಮೇಲೆ ಇಪ್ಪತ್ತು ಅಡಿಗೊಂದರಂತೆ ಹೊಂಗೆ, ನಡುನಡುವೆ ಸೊಪ್ಪಿನ ಗೊಬ್ಬರಕ್ಕೆಂದು ಬೆಳೆಸುವ ಗ್ಲಿರಿಸಿಡಿಯಾ ಗಿಡ ಇದೆ. ಸಾಲು ಹಾಗೆ ಹೋದರೆ ಬೆಳಗ್ಗೆ, ಸಂಜೆಯ ಉದ್ದ ನೆರಳು ಬಹುಪಾಲು ಬದುವಿನ ಉದ್ದಕ್ಕೇ ಬೀಳುತ್ತದೆ. ಬಿತ್ತನೆಗೆ ಮುಂಚೆ ರೆಂಬೆ ಸವರಿ ಸೊಪ್ಪನ್ನು ಹೊಲಕ್ಕೆ ಹರಡಿಬಿಡುವುದರಿಂದ ರಾಗಿ ಎಳೆಯದಾಗಿರುವಷ್ಟು ದಿನ ಬಿಸಿಲಿಗೆ ಕೊರತೆಯಾಗುವುದಿಲ್ಲ, ಗೊಬ್ಬರವೂ ಆಯಿತು. ಇಷ್ಟಾದರೂ ಬದುವಿನ ಪಕ್ಕದ ಮೂರು-ನಾಲ್ಕು ಸಾಲು ಸಣಕಲಾಗಿಯೇ ಇರುತ್ತವೆ. ಆ ನಷ್ಟವನ್ನು ಲೆಕ್ಕಕ್ಕೆ ಹಿಡಿದೇ ಮುಂದುವರಿಯಿರಿ. ಮೇ ತಿಂಗಳಲ್ಲಿ ಮರದಿಂದ ನಾಲ್ಕಡಿ ದೂರಕ್ಕೆ ಎರಡಡಿ ಆಳದ ಕಾಲುವೆ ತೆಗೆದು ಬೇರು ಕಡಿದರೆ ನಷ್ಟ ಕಡಿಮೆಯಾಗುತ್ತದೆ, ಮಳೆ ನೀರೂ ಅಲ್ಲೇ ಇಂಗುತ್ತದೆ.

ನಿಜ ಹೇಳಬೇಕೆಂದರೆ ಮರದಿಂದ ನಮ್ಮ ರಾಗಿ ಇಳುವರಿ ಹೆಚ್ಚಲಿಲ್ಲ. 2023ರಲ್ಲಿ ನಮ್ಮ ರಾಗಿಯೂ ಒಣಗಿತು. ಆದರೆ ಮೇವಿನ ಮರವಾದ ಕಮರದ ಸೊಪ್ಪು ಇದ್ದುದರಿಂದ ಮೇಕೆಗಳನ್ನು ಸಂತೆಗೆ ಹೊಡೆಯಲಿಲ್ಲ. ಊರಲ್ಲಿ ಎಲ್ಲರೂ ಒಟ್ಟಿಗೆ ಮಾರಲು ಹೊರಟ ವರ್ಷ ಮೇಕೆಗೆ ಏನು ಬೆಲೆ ಸಿಗುತ್ತದೆಂದು ನಿಮಗೂ ಗೊತ್ತಿದೆ.

ಉತ್ತರ: ಹೊಲಗಾತಿ

ಮೇಲಿನವರು ಹೇಳಿದ್ದೆಲ್ಲ ಸರಿಯಿದೆ, ಆದರೆ ಮೊದಲ ಮೂರು ಬೇಸಿಗೆಯ ಮಾತನ್ನು ಗಂಡಸರು ಯಾವಾಗಲೂ ಹಾರಿಸಿಬಿಡುತ್ತಾರೆ. ಸಸಿ ನೆಡುವುದು ಒಂದು ದಿನದ ಕೆಲಸ, ಫೆಬ್ರವರಿಯಿಂದ ಮೇ ತನಕ ಅದಕ್ಕೆ ನೀರು ಹೊರುವವರು ಯಾರು? ನಮ್ಮ ಮನೆಯಲ್ಲಿ ಮೊದಲ ವರ್ಷ ಇನ್ನೂರು ಸಸಿ ನೆಟ್ಟೆವು, ಉಳಿದದ್ದು ಅರವತ್ತು. ಎರಡನೇ ಸಲ ಐವತ್ತನ್ನೇ ನೆಟ್ಟು, ಪ್ರತಿ ಗುಣಿಯ ಪಕ್ಕ ತಳ ತೂತು ಮಾಡಿ ಬತ್ತಿ ಇಟ್ಟ ಹಳೆಯ ಮಡಕೆ ಹೂತು, ಬಾಯಿಗೆ ಚಪ್ಪಡಿ ಮುಚ್ಚಿ, ಬುಡಕ್ಕೆ ಕಡಲೆಕಾಯಿ ಸಿಪ್ಪೆಯ ಹೊದಿಕೆ ಹಾಕಿದೆವು. ವಾರಕ್ಕೊಂದು ಸಲ ಮಡಕೆ ತುಂಬಿದರೆ ಸಾಕಾಗುತ್ತಿತ್ತು, ನಲವತ್ತಕ್ಕೂ ಹೆಚ್ಚು ಬದುಕಿದವು. ಕಡಲೆಕಾಯಿ ಸಿಪ್ಪೆಗೆ ಗೆದ್ದಲು ಬರುತ್ತದೆ, ಸ್ವಲ್ಪ ಬೇವಿನ ಹಿಂಡಿ ಬೆರೆಸಿ.

ಮೇಕೆ ಸಾಕುವ ಊರಿನಲ್ಲಿ ಬೇಲಿಯಿಲ್ಲದೆ ಏನೂ ಉಳಿಯದು. ನಾವು ಸುತ್ತ ಕತ್ತಾಳೆ ಹಾಕಿದ್ದೇವೆ. ಗ್ಲಿರಿಸಿಡಿಯಾದ ವಾಸನೆಗೆ ಅಭ್ಯಾಸವಿಲ್ಲದ ಮೇಕೆ ಬಾಯಿ ಹಾಕುವುದಿಲ್ಲ, ಹಾಗಾಗಿ ಹೊರಸಾಲಿಗೆ ಅದು ಒಳ್ಳೆಯದು. ಹಣ್ಣಿನ ಗಿಡಗಳಲ್ಲಿ ಸೀತಾಫಲ, ನೆಲ್ಲಿ ನಮ್ಮ ಮಣ್ಣಿಗೆ ಹೊಂದಿವೆ. ಇನ್ನು ಹುಣಸೆ ಒಂದು ವರ್ಷ ಹೊರೆ ಬಿಟ್ಟರೆ ಮರುವರ್ಷ ಕಡಿಮೆ, ಪ್ರತಿ ಬರಕ್ಕೂ ಅದೇ ಕಾಯುತ್ತದೆಂದು ನಂಬಿ ಕೂರಬೇಡಿ.

ಉತ್ತರ: ನಿವೃತ್ತ ಗ್ರಾಮಸೇವಕ

ಕಾನೂನು ಮತ್ತು ನೆರವಿನ ಬಗ್ಗೆ ಎರಡು ಮಾತು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ನಡೆಯುತ್ತಿದೆ. ವಲಯ ಅರಣ್ಯ ಕಚೇರಿಯಲ್ಲಿ ನೋಂದಾಯಿಸಿ ರಿಯಾಯಿತಿ ದರದ ಸಸಿ ಪಡೆದರೆ, ಬದುಕುಳಿದ ಪ್ರತಿ ಸಸಿಗೆ ಮೂರು ವರ್ಷಗಳಲ್ಲಿ 35, 40, 50 ಎಂದು ಒಟ್ಟು 125 ರೂಪಾಯಿ ಪ್ರೋತ್ಸಾಹಧನವಿದೆ. ನೆಟ್ಟದ್ದಕ್ಕಲ್ಲದೆ ಉಳಿದದ್ದಕ್ಕೆ ಹಣ ಕೊಡುವುದರಿಂದ ಇದು ನನಗೆ ಮೆಚ್ಚಿಗೆಯಾದ ಯೋಜನೆ. ಹೊಲಗಾತಿಯವರ ಮಡಕೆಗೆ ಇಲ್ಲಿ ಬೆಲೆಯಿದೆ.

ಕಡಿಯುವ ದಿನದ ಯೋಚನೆಯನ್ನು ನೆಡುವ ದಿನವೇ ಮಾಡಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸಿಲ್ವರ್ ಓಕ್, ಸುಬಾಬುಲ್, ಗಾಳಿಮರದಂಥವಕ್ಕೆ ವಿನಾಯಿತಿಯಿದೆ, ತೇಗ, ಹೊನ್ನೆಗಳನ್ನು ಸ್ವಂತ ಜಮೀನಿನಲ್ಲಿ ಕಡಿಯಲೂ ಅನುಮತಿ ಬೇಕು. ಶ್ರೀಗಂಧದ ಮರ 2001ರ ತಿದ್ದುಪಡಿಯ ನಂತರ ಬೆಳೆದವರದೇ ಸ್ವತ್ತು. ಆದರೆ ರಾತ್ರಿ ಕಾವಲಿಗೆ ಜನವಿಲ್ಲದಿದ್ದರೆ ಅದು ಕಳ್ಳರ ಸ್ವತ್ತು.

ಪ್ರಶ್ನೆ ಕೇಳಿದವರು

ತಮಗೆಲ್ಲ ವಂದನೆಗಳು. ಏಜೆಂಟರಿಗೆ ಬೇಡವೆಂದೆ. ಪೂರ್ವ-ಪಶ್ಚಿಮದ ಎರಡು ಬದುಗಳಿಗೆ ಹೊಂಗೆ, ಕಮರ, ಮನೆ ಹತ್ತಿರದ ಅರ್ಧ ಎಕರೆಗೆ ಸೀತಾಫಲ ಮತ್ತು ನೆಲ್ಲಿ, ಈ ವರ್ಷ ಒಟ್ಟು ಅರವತ್ತು ಸಸಿ ಮಾತ್ರ ಎಂದು ತೀರ್ಮಾನಿಸಿದ್ದೇವೆ. ನೀರು ಹೊರುವುದು ಯಾರೆಂದು ಮನೆಯಲ್ಲಿ ಕೇಳಿದರು, ಸರದಿ ಹಾಕಿಕೊಂಡೆವು. ಒಂದೇ ಅನುಮಾನ ಉಳಿದಿದೆ: ಉತ್ತರದ ಬದು ದಾಯಾದಿಗಳೊಂದಿಗೆ ಹಂಚಿಕೊಂಡದ್ದು. ಅವರು ತಕರಾರು ತೆಗೆದರೆ?

ಉತ್ತರ: ಪಾವಗಡದ ಬದು

ನೆಡುವ ಮುಂಚೆ ಹೋಗಿ ಮಾತಾಡಿ, ಸೊಪ್ಪಿನಲ್ಲಿ ಅರ್ಧ ನಿಮ್ಮದೆಂದು ಹೇಳಿ. ನಮ್ಮ ಪಕ್ಕದವರು ಹಾಗೆ ಒಪ್ಪಿದರು. ಒಪ್ಪದಿದ್ದರೆ ಆ ಬದುವನ್ನು ಬಿಟ್ಟು ಆರು ಅಡಿ ಒಳಗೆ ಸಾಲು ಹಿಡಿಯಿರಿ. ಮತ್ತೆ, ಗುಣಿಗಳನ್ನು ಏಪ್ರಿಲ್ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡಿ, ಸಸಿಯನ್ನು ಮಾತ್ರ ಎರಡು ಹದ ಮಳೆ ಬಿದ್ದ ಮೇಲೆಯೇ ಇಳಿಸಿ.