ಒದ್ದೆ ನೆಲಕ್ಕೆ ಭಾರದ ರೈಡಿಂಗ್ ಮೋವರ್ ತಗೊಳ್ಳೋದು ಸರಿಯಾ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾವಿರೋದು ಸಿಯಾಟಲ್‌ನಿಂದ ಪೂರ್ವಕ್ಕೆ, ಡುವಾಲ್ ಹತ್ರ. ಒಂದೂಕಾಲು ಎಕರೆ ಜಾಗ, ಅದರಲ್ಲಿ ಮುಕ್ಕಾಲು ಎಕರೆ ಹುಲ್ಲು. ಮನೆ ಹಿಂದೆ ಇಳಿಜಾರು. ಅದರ ಬುಡದಲ್ಲಿ ಅಕ್ಟೋಬರ್‌ನಿಂದ ಮೇ ತನಕ ನೀರು ಆರೋದೇ ಇಲ್ಲ. ತೀರ್ಥಹಳ್ಳಿ ಕಡೆ ಇದರ ಎಷ್ಟೋ ಪಟ್ಟು ಮಳೆ ನೋಡಿ ಬೆಳೆದವನು ನಾನು. ಸಿಯಾಟಲ್ ಊರಿನ ವರ್ಷದ ಮಳೆ ಸುಮಾರು 950 ಮಿಲಿಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಷ್ಟೇ. ಆದ್ರೆ ಇಲ್ಲಿ ಬಿಸಿಲಿಲ್ಲದ ಚಳಿಗಾಲದಲ್ಲಿ ಜಿನುಗ್ತಾನೇ ಇರುತ್ತೆ, ನೆಲಕ್ಕೆ ಒಣಗೋ ಬಿಡುವೇ ಸಿಗಲ್ಲ.

ಹೋದ ಏಪ್ರಿಲ್‌ನಲ್ಲಿ ನಮ್ಮ ಹಳೇ ರೈಡಿಂಗ್ ಮೋವರ್, ಅಂದ್ರೆ ಮೇಲೆ ಕೂತು ಹುಲ್ಲು ಕೊಯ್ಯೋ ಗಾಡಿ (ಕೊಯ್ಯೋ ಅಗಲ 42 ಇಂಚು), ಆ ಬುಡದಲ್ಲೇ ಹೂತುಕೊಂಡಿತು. ಬಲಗಡೆ ಹಿಂದಿನ ಚಕ್ರ ಗಿರಗಿರ ತಿರುಗ್ತಿದೆ, ಎಡಗಡೆಯದು ಅಲ್ಲಾಡ್ತಿಲ್ಲ. ನಾನು ಪೆಡಲ್ ಒತ್ತಿದಷ್ಟೂ ಗುಂಡಿ ಆಳವಾಯ್ತು. ಹೆಂಡತಿ, ಮಗಳು ಇಬ್ಬರೂ ತಳ್ಳಿ, ಹಲಗೆ ಕೊಟ್ಟು ಮೇಲೆ ತಂದ್ವಿ. ಗೇಣುದ್ದದ ಆ ಗುಂಡಿಯಲ್ಲಿ ಈಗಲೂ ನೀರು ನಿಂತು ಪಾಚಿ ಕಟ್ಟಿದೆ. ಡೆಕ್ (ಬ್ಲೇಡ್ ಮುಚ್ಚಿರೋ ತಗಡಿನ ಗೂಡು) ಎತ್ತಿ ನೋಡಿದ್ರೆ ಒಳಗೆ ಹಸಿಹುಲ್ಲು ಎರಡು ಬೆರಳು ದಪ್ಪ ಮೆತ್ತಿಕೊಂಡಿತ್ತು, ಕರಣೆಯಲ್ಲಿ ಕೆರೆದು ತೆಗೆದೆ.

ಆ ಗಾಡಿ ಈಗ ಕೈಕೊಟ್ಟಿದೆ. ಅಂಗಡಿಯವರು "350 ಕಿಲೋ ಮೇಲಿನ ಗಾರ್ಡನ್ ಟ್ರಾಕ್ಟರ್ ತಗೊಳ್ಳಿ, ಭಾರ ಇದ್ರೆ ಜಾರಲ್ಲ" ಅಂತಾರೆ. ಪಕ್ಕದ ಮನೆಯವರು ಜೀರೋ ಟರ್ನ್ (ನಿಂತಲ್ಲೇ ತಿರುಗೋ ಮೋವರ್) ಅಂತಾರೆ. ದುಡ್ಡು ಹಾಕೋ ಮೊದಲು ತಿಳಿದವರು ಹೇಳಿ.

ಗದ್ದೆಬದು (ಕೊಪ್ಪ):

ನಾನು ಲಾನ್ ಕೊಯ್ದವನಲ್ಲ, ಟ್ರಾಕ್ಟರ್ ಹೊಡೆಯೋನು. ನಿಮ್ಮ ಗಾಡಿ ಹೂತಿದ್ದು ಹಗುರ ಅಂತ ಅಲ್ಲ ಮಾರಾಯ್ರೆ. ಡಿಫರೆನ್ಷಿಯಲ್ (ಎರಡು ಚಕ್ರಕ್ಕೂ ಎಂಜಿನ್ ಬಲ ಹಂಚೋ ಗೇರು) ಇರೋ ಗಾಡಿಯಲ್ಲಿ ಒಂದು ಚಕ್ರ ಜಾರಿದ್ರೆ ತಿರುಗೋದೆಲ್ಲ ಆ ಚಕ್ರವೇ, ಹಿಡಿತ ಇರೋ ಚಕ್ರ ಸುಮ್ಮನೆ ನಿಲ್ಲುತ್ತೆ. ಡಿಫರೆನ್ಷಿಯಲ್ ಲಾಕ್ ಒತ್ತಿದ್ರೆ ಎರಡೂ ಒಟ್ಟಿಗೆ ತಿರುಗ್ತವೆ. ನಾಟಿ ಗದ್ದೆಗೆ ಇಳಿಯುವಾಗ ನಾವು ಕೇಜ್ ವೀಲ್ (ಪಂಜರದಂಥ ಅಗಲವಾದ ಕಬ್ಬಿಣದ ಚಕ್ರ) ಹಾಕೋದೂ ಕೆಸರಲ್ಲಿ ಹಿಡಿತಕ್ಕೆ, ಹೂತುಹೋಗದೆ ಇರೋಕೆ. ಕೆಸರಿಗೆ ಭಾರ ಮಾತ್ರ ಕೊಟ್ಟು ಅಗಲ ಕೊಡದಿದ್ರೆ ಇನ್ನೂ ಆಳಕ್ಕೆ ಇಳಿಯುತ್ತೆ.

ಹಸಿರುಕಣಿವೆ (ಒರೆಗಾನ್):

ಕೊಪ್ಪದವರು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮದೂ ಇದೇ ಹವೆ, ಒಂಬತ್ತು ವರ್ಷದಿಂದ ಕೊಯ್ತಿದೀನಿ. ನಿಮಗೆ ಜೀರೋ ಟರ್ನ್ ಬೇಡವೇ ಬೇಡ. ಅದರ ಮುಂದಿನ ಚಕ್ರಗಳು ಬರೀ ಉರುಳೋವು. ತಿರುಗಿಸೋದು, ನಿಲ್ಲಿಸೋದು ಎರಡೂ ಹಿಂದಿನ ಚಕ್ರದ ಹಿಡಿತದ ಮೇಲೇ. ಒದ್ದೆ ಇಳಿಜಾರಲ್ಲಿ ಆ ಹಿಡಿತ ತಪ್ಪಿದ್ರೆ ಗಾಡಿ ನಿಮ್ಮ ಕೈಯಲ್ಲಿರಲ್ಲ. ಮನೆಯಲ್ಲಿ ಮಗಳಿದಾಳೆ ಅಂದ್ರಲ್ಲ, ಅದಕ್ಕೇ ಒತ್ತಿ ಹೇಳ್ತಿದೀನಿ.

ಡಿಫರೆನ್ಷಿಯಲ್ ಲಾಕ್ ಇರೋದನ್ನೇ ಹುಡುಕಿ. ಜಾನ್ ಡಿಯರ್ ಎಕ್ಸ್570, ಹಸ್ಕ್ವಾರ್ನಾ ಟಿಎಸ್ 354ಎಕ್ಸ್‌ಡಿ, ಎರಡರಲ್ಲೂ ಇದೆ. ಲಾಕ್ ಹಾಕಿಕೊಂಡು ಮಾತ್ರ ತಿರುವಬೇಡಿ, ಹುಲ್ಲು ಬೇರುಸಮೇತ ಕಿತ್ತು ಬರುತ್ತೆ. ಟೈರ್ ಅಗಲವಾದ ಟರ್ಫ್ ಟೈರೇ (ಹುಲ್ಲಿಗೆ ಗಾಯ ಮಾಡದಂಥದು) ಇರಲಿ. ಟೈರೊಳಗಿನ ಗಾಳಿಯ ಒತ್ತಡ ಎಷ್ಟೋ, ನೆಲದ ಮೇಲೆ ಬೀಳೋ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ನಾನು ಹಿಂದಿನ ಚಕ್ರಕ್ಕೆ 10 ಪಿಎಸ್‌ಐ ಇಟ್ಟಿದೀನಿ. ನೀವು ನಿಮ್ಮ ಗಾಡಿ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಇಳಿಸಬೇಡಿ. ಹಸಿಹುಲ್ಲಿಗೆ ಮಲ್ಚಿಂಗ್ (ಡೆಕ್ ಒಳಗೇ ನುಣ್ಣಗೆ ಕತ್ತರಿಸಿ ಕೆಳಗೆ ಉದುರಿಸೋದು) ಬಿಟ್ಟು ಪಕ್ಕಕ್ಕೆ ಎಸೆಯೋ ಹಾಗೆ ಮಾಡಿ, ಡೆಕ್ ಅಷ್ಟು ಬೇಗ ಕಟ್ಟಲ್ಲ. ಇಳಿಜಾರಲ್ಲಿ ಮೇಲಕ್ಕೆ ಕೆಳಕ್ಕೆ ಓಡಿಸಿ, ಅಡ್ಡಕ್ಕೆ ಬೇಡ.

ಇನ್ನೊಂದು ಮಾತು. ಆ ಬುಡದಲ್ಲಿ ಒಂದೂವರೆ ಅಡಿ ಅಗೆದು ನೋಡಿದೀರಾ?

ತುಂಗಾತೀರ:

ನಿಮ್ಮ ಮಾತು ಓದಿ ಶನಿವಾರ ಅಗೆದೆ. ಮೇಲೆ ಕಪ್ಪು ಮಣ್ಣು, ಒಂದಡಿ ದಾಟ್ತಿದ್ದ ಹಾಗೆ ಹಾರೆ ಠಣ್ ಅಂತು. ಬೂದುಬಣ್ಣದ ಗಟ್ಟಿ ಪದರ, ಒಳಗೆ ಗುಂಡುಕಲ್ಲು. ಬಗ್ಗಿ ಕೂತು ನೋಡ್ತಾ ಇದ್ದೆ, ನೀರು ಆ ಪದರದ ಮೇಲೆಯೇ ಪಕ್ಕದಿಂದ ಒಸರಿ ಬಂದು ಗುಂಡಿ ತುಂಬ್ತು.

ಹಸಿರುಕಣಿವೆ:

ಅದೇ ಹಾರ್ಡ್‌ಪ್ಯಾನ್. ಸುಮಾರು 16,000 ವರ್ಷದ ಹಿಂದೆ ಸಿಯಾಟಲ್ ಮೇಲೆ 900 ಮೀಟರ್ ದಪ್ಪದ ಮಂಜುಗಡ್ಡೆ ಕೂತು ಅದುಮಿದ ಮಣ್ಣು. ನೀರು ಅದರೊಳಗೆ ಇಳಿಯಲ್ಲ, ಮೇಲೆಯೇ ಹರಿದು ನಿಮ್ಮ ಬುಡಕ್ಕೆ ಬರುತ್ತೆ. ಇನ್ನೂ ಭಾರದ ಗಾಡಿ ಓಡಿಸಿದ್ರೆ ಮೇಲಿನ ಒಂದಡಿಯೂ ಅಮುಕಿ ಗಟ್ಟಿಯಾಗುತ್ತೆ.

ಗದ್ದೆಬದು (ಕೊಪ್ಪ):

ಹಾಗಾದ್ರೆ ಮೊದಲು ಬಸಿಗಾಲುವೆ ತೆಗೀರಿ. ಅಡಿಕೆ ತೋಟಕ್ಕೆ ಮಾಡಲ್ವಾ, ಹಾಗೇ. ನೀರು ಬರೋ ಮೇಲ್ಗಡೆ ಅಡ್ಡ ಹೊಡೆದು, ಜಲ್ಲಿ ಹಾಕಿ, ತೂತಿನ ಪೈಪ್ ಇಟ್ಟು ಪಕ್ಕಕ್ಕೆ ಬಿಡಿ. ಸೆಪ್ಟಿಕ್ ಪೈಪ್ ಎಲ್ಲಿದೆ ನೋಡ್ಕೊಂಡು ಅಗೀರಿ.

ತುಂಗಾತೀರ:

ಇಬ್ಬರಿಗೂ ತುಂಬಾ ಧನ್ಯವಾದ. ಅಪ್ಪ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ತೋಟದ ಬಸಿಗಾಲುವೆ ಎತ್ತಿಸ್ತಿದ್ರು, ಗುದ್ದಲಿ ಹಿಡಿದು ಅವರ ಹಿಂದೆ ಹೋಗ್ತಿದ್ದವನು ನಾನೇ. ಈ ಬೇಸಿಗೆಯಲ್ಲಿ 20 ಮೀಟರ್ ಕಾಲುವೆ ಹೊಡೆಸ್ತೀನಿ. ಗಾಡಿಯಂತೂ ಲಾಕ್ ಇರೋ 48 ಇಂಚಿನದೇ, ಸೆಕೆಂಡ್ ಹ್ಯಾಂಡ್ ನೋಡ್ತಿದೀನಿ. ಅಲ್ಲಿವರೆಗೆ ಬುಡದ ಹುಲ್ಲು ಬೆಳೆದ್ರೆ ಬೆಳೀಲಿ, ಜುಲೈನಲ್ಲಿ ನೆಲ ಆರಿದ ಮೇಲೆ ಕೊಯ್ತೀನಿ.