ಸಹಾಯ ಬೇಕು: ತಂದೆಯವರ ಹಳೆಯ ಷೇರುಗಳನ್ನು ಅಮ್ಮನ ಹೆಸರಿಗೆ ಮಾಡಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲೇ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನ ಷೇರುಗಳನ್ನು ನಮ್ಮ ತಂದೆಯವರು ಕೊನೆಯವರೆಗೂ ಮಾರದೆ ಉಳಿಸಿಕೊಂಡಿದ್ದರು. ಅವು ಇಂದಿಗೂ ಕಾಗದದ ಪ್ರಮಾಣಪತ್ರಗಳಾಗಿಯೇ ಇವೆ. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ ಪ್ರತಿ 1000 ಷೇರುಗಳಿಗೆ 158 ಕೆನರಾ ಷೇರುಗಳು ನಿಗದಿಯಾದವು, 2024ರಲ್ಲಿ ಅಂಥ ಒಂದೊಂದು ಷೇರೂ ಐದಾಗಿ ವಿಭಜನೆಯಾಯಿತು. ಅಮ್ಮನಿಗೆ ಇವನ್ನು ಮಾರುವ ಮನಸ್ಸಿಲ್ಲ. ಲಾಭಾಂಶ ಪಡೆಯುತ್ತ ಇನ್ನೂ ಹಲವು ವರ್ಷ ಇಟ್ಟುಕೊಳ್ಳಬೇಕೆಂಬುದು ಅವರ ಇಚ್ಛೆ, ಅದು ಸರಿಯೆಂದೇ ನನಗೂ ಅನಿಸುತ್ತದೆ. ನಾಮಿನಿ ಹೆಸರಿಲ್ಲದ ಇಂಥ ಷೇರುಗಳನ್ನು ವಾರಸುದಾರರ ಡಿಮ್ಯಾಟ್ ಖಾತೆಗೆ (ಷೇರುಗಳನ್ನು ಕಾಗದವಿಲ್ಲದೆ ವಿದ್ಯುನ್ಮಾನ ರೂಪದಲ್ಲಿ ಇಡುವ ಖಾತೆ) ತರಿಸಿಕೊಂಡ ಅನುಭವವುಳ್ಳವರು, ಯಾವ ದಾಖಲೆಗಳು ಬೇಕಾದವು, ಬಾಕಿ ಉಳಿದ ಲಾಭಾಂಶವನ್ನು ಹೇಗೆ ಪಡೆದಿರಿ ಎಂಬುದನ್ನು ದಯವಿಟ್ಟು ತಿಳಿಸಿ. ಮಣಿಪಾಲ ಅಥವಾ ಮಂಗಳೂರಿನಲ್ಲಿ ಈ ಕೆಲಸ ಬಲ್ಲ ಲೆಕ್ಕಪರಿಶೋಧಕರಿದ್ದರೆ ಅವರನ್ನೂ ಸೂಚಿಸಬೇಕಾಗಿ ವಿನಂತಿ.